ಸ್ಯಾಕ್ಸೋಫೋನ್, ಪಿಯಾನೊ ಜೋಡಿಗೆ ಹೊಸ ಕೃತಿ ಬರೆಸಬೇಕು ಅಂತಿದ್ದೀರಾ?

ಪ್ರಶ್ನೆ: ನಾನು ಪುತ್ತೂರಿನವನು. ಊರಿನಲ್ಲಿದ್ದಾಗ ಗುರುಗಳ ಹತ್ತಿರ ಕರ್ನಾಟಕ ಪದ್ಧತಿಯಲ್ಲಿ ಆಲ್ಟೊ ಸ್ಯಾಕ್ಸೋಫೋನ್ ಕಲಿತೆ. ದೇವಸ್ಥಾನ, ಮದುವೆಗಳಲ್ಲಿ ನುಡಿಸಿದ್ದೇನೆ. ಈಗ ಬೆಂಗಳೂರಿನಲ್ಲಿ ಕೆಲಸ. ಇಲ್ಲಿಗೆ ಬಂದ ಮೇಲೆ ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಷನ್ ಕಲಿತು ಪಾಶ್ಚಾತ್ಯ ಕೃತಿಗಳನ್ನೂ ಅಭ್ಯಾಸ ಮಾಡುತ್ತಿದ್ದೇನೆ. ಅಕ್ಕನ ಮಗಳು ಪಿಯಾನೊ ನುಡಿಸುತ್ತಾಳೆ. ವಿದೇಶದ ಸ್ಯಾಕ್ಸ್ ವಾದಕರ ಕಛೇರಿ ನೋಡಿದಾಗಲೆಲ್ಲ ‘ಈ ಹೊಸ ಕೃತಿಯನ್ನು ಬರೆಸಿದವರು ಇವರೇ’ ಎಂದು ಹೇಳುತ್ತಾರೆ. ಬರೆಸುವುದು ಎಂದರೆ ನಿಜವಾಗಿ ಏನು? ದುಡ್ಡು ಕೊಟ್ಟರೆ ಕೃತಿ ನಮ್ಮದಾಗುತ್ತದಾ? ನಮ್ಮಂಥ ಸಾಮಾನ್ಯರಿಗೆ ಇದು ಆಗುವ ಕೆಲಸವಾ? ಒಂದು ರಾಗ ಹಿಡಿದು ಬರೆಸಿದರೆ ಪಿಯಾನೊ ಜೊತೆ ಹೊಂದುತ್ತದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಯಿತು. ಆದರೆ ಅದಕ್ಕೆ ಕೈ ಹಾಕುವ ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಗೊಂದಲ ಇರುವುದೇ ಅಲ್ಲಿ.

ಹಣ ಕೊಟ್ಟು ಬರೆಸಿದರೂ ಕೃತಿಯ ಹಕ್ಕು ನಿಮ್ಮದಾಗುವುದಿಲ್ಲ. ಅದು ಬರೆದವರದ್ದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ನೋಡಿ. ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಭಾವಚಿತ್ರ, ಮಾಡಿಸಿದ ಸಿನಿಮಾ ಇಂಥವಕ್ಕೆ ಬೇರೆ ಕರಾರು ಇಲ್ಲದಿದ್ದರೆ ಮಾಡಿಸಿದವರೇ ಮೊದಲ ಒಡೆಯರು. ಆ ಪಟ್ಟಿಯಲ್ಲಿ ಸಂಗೀತ ಕೃತಿ ಇಲ್ಲ. ಹಾಗಾಗಿ ಕಂಪೋಸರ್ ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ, ಹಕ್ಕು ಅವರ ಮತ್ತು ಅವರ ವಾರಸುದಾರರ ಕೈಯಲ್ಲೇ ಇರುತ್ತದೆ. ಹಾಗಾದರೆ ನಿಮಗೆ ಸಿಗುವುದೇನು? ಮೊದಲ ಬಾರಿಗೆ ನುಡಿಸುವ ಹಕ್ಕು ಸಿಗುತ್ತದೆ. ಒಂದಷ್ಟು ಕಾಲ ಬೇರೆ ಯಾರೂ ನುಡಿಸದಂತೆ ಮಾತು ಮಾಡಿಕೊಳ್ಳಬಹುದು. ಮೊದಲ ರೆಕಾರ್ಡಿಂಗ್ ನಿಮಗೇ ಇರಲಿ ಎಂದು ಕೇಳಬಹುದು. ಸ್ಕೋರ್‌ನ, ಅಂದರೆ ಕೃತಿಯ ಸ್ವರಲಿಪಿಯ, ಮೊದಲ ಪುಟದಲ್ಲಿ ‘ಇಂಥವರು ಬರೆಸಿದ್ದು’ ಎಂದು ನಿಮ್ಮ ಹೆಸರು ಅಚ್ಚಾಗುತ್ತದೆ. ಕೃತಿ ಉಳಿದರೆ ಆ ಸಾಲೂ ಉಳಿಯುತ್ತದೆ.

ಇಲ್ಲಿ ಮೂರು ಪಾತ್ರಗಳಿವೆ. ಬರೆಸಿದವರು ಒಬ್ಬರು, ಕೃತಿಯನ್ನು ಯಾರಿಗೆ ಅರ್ಪಿಸಿದ್ದಾರೋ ಅವರು ಇನ್ನೊಬ್ಬರು, ಮೊದಲು ನುಡಿಸಿದವರು ಮತ್ತೊಬ್ಬರು. ಎಷ್ಟೋ ಸಲ ಮೂವರೂ ಒಬ್ಬರೇ ಆಗಿರುತ್ತಾರೆ, ಅದಕ್ಕೇ ಜನ ಬೆರಕೆ ಮಾಡಿಬಿಡುತ್ತಾರೆ. ಫ್ರಾನ್ಸಿನ ಪೋಲ್ ಮೋರಿಸ್ ಎಂಬ ಕಂಪೋಸರ್ ತಮ್ಮ ‘ತಾಬ್ಲೊ ದ ಪ್ರೊವಾಂಸ್’ ಕೃತಿಯನ್ನು ಸ್ಯಾಕ್ಸ್ ವಾದಕ ಮಾರ್ಸೆಲ್ ಮ್ಯೂಲ್‌ಗೆ ಅರ್ಪಿಸಿದರು. 1958ರಲ್ಲಿ ಅದನ್ನು ಮೊದಲು ನುಡಿಸಿದವರು ಇನ್ನೊಬ್ಬ ಸ್ಯಾಕ್ಸ್ ವಾದಕ ಜಾನ್-ಮಾರಿ ಲಾಂಡೆ. ಮೂಲದಲ್ಲಿ ಅದಕ್ಕೆ ಆರ್ಕೆಸ್ಟ್ರಾ ಇದೆ, ಈಗ ನಾವೆಲ್ಲ ಕೇಳುವುದು ಹೆಚ್ಚಾಗಿ ಪಿಯಾನೊ ಜೊತೆಗೇ.

ಪೋಷಕರದ್ದು ಇನ್ನೂ ಬೇರೆ ಕಥೆ. ಮೈಸೂರಿನ ಜಯಚಾಮರಾಜ ಒಡೆಯರ್ ಗೊತ್ತಲ್ವಾ? ರಷ್ಯದ ಕಂಪೋಸರ್ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ರೆಕಾರ್ಡಿಂಗ್‌ಗೆ ಹಣ ಕೊಟ್ಟವರು ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು (ಒಂದು ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಮಹಾರಾಜರಿಗೆ ಅರ್ಪಿಸಿದರು. ಆದರೆ ಅದನ್ನು ಒಡೆಯರ್ ‘ಬರೆಸಿದ್ದಲ್ಲ’. ಅದು ಮೊದಲೇ ಬರೆದಿಟ್ಟ ಕೃತಿ, ಅರ್ಪಣೆ ಕೃತಜ್ಞತೆಗಾಗಿ. 1950ರ ಮೇ 22ರಂದು ಲಂಡನ್ನಿನಲ್ಲಿ ಜರ್ಮನ್ ಕಂಪೋಸರ್ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಗಾಯನ ನಡೆಯಿತು. ಆ ಕಾರ್ಯಕ್ರಮದ ಖರ್ಚಿಗೆ 4,800 ಡಾಲರ್ ಭರವಸೆ ಕೊಟ್ಟವರೂ ಅವರೇ. ದೊಡ್ಡ ಕೆಲಸ. ಆದರೂ ಅದು ಬರೆಸುವ ಕೆಲಸ ಅಲ್ಲ. ಬರೆಸುವವರು ಖಾಲಿ ಹಾಳೆಯ ಹಂತದಲ್ಲೇ ಒಳಗೆ ಕಾಲಿಡುತ್ತಾರೆ.

ಸ್ಯಾಕ್ಸೋಫೋನ್ ಮಟ್ಟಿಗಂತೂ ಬರೆಸದೆ ಬೇರೆ ದಾರಿಯೇ ಇರಲಿಲ್ಲ. ಪಿಟೀಲು, ಪಿಯಾನೊಗಳಿಗೆ ನೂರಾರು ವರ್ಷಗಳ ಕೃತಿಭಂಡಾರ ಇದೆ. ಸ್ಯಾಕ್ಸ್‌ಗೆ ಪೇಟೆಂಟ್ ಸಿಕ್ಕಿದ್ದೇ 1846ರಲ್ಲಿ. ಮೊಜಾರ್ಟ್, ಬೀಥೋವನ್ ಇಬ್ಬರೂ ಹೋಗಿ ಎಷ್ಟೋ ವರ್ಷ ಆಗಿತ್ತು. ವಾದ್ಯ ಇದೆ, ನುಡಿಸಲು ಏನೂ ಇಲ್ಲ. ಈ ವಾದ್ಯ ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯಲ್ಲಿ 1857ರಿಂದ 1870ರ ತನಕ ಪಾಠ ಮಾಡಿದರು. ಆ ಕಾಲದಲ್ಲಿ ಸಾಂಜಲೆ, ದೆಮರ್ಸ್‌ಮಾನ್ ಮುಂತಾದ ಕಂಪೋಸರ್‌ಗಳಿಂದ ಬಂದ ಕೃತಿಗಳನ್ನು ತಾವೇ ಅಚ್ಚು ಹಾಕಿಸಿದರು. ಬಹಳಷ್ಟು ವರ್ಷಾಂತ್ಯದ ಪರೀಕ್ಷೆಗೆ ಬೇಕಾದ ಪಿಯಾನೊ ಸಹಿತದ ಕೃತಿಗಳೇ. ಸ್ಯಾಕ್ಸ್, ಪಿಯಾನೊ ಜೋಡಿ ಹುಟ್ಟಿದ್ದು ಹೀಗೆ, ಪರೀಕ್ಷಾ ಕೊಠಡಿಯಲ್ಲಿ.

ಆಮೇಲೆ ಬರುತ್ತಾರೆ ನಿಮ್ಮ ಪ್ರಶ್ನೆಗೆ ನೇರ ಉತ್ತರವಾದ ಮಹಿಳೆ, ಎಲೀಸ್ ಹಾಲ್. ಹುಟ್ಟಿದ್ದು 1853ರಲ್ಲಿ ಪ್ಯಾರಿಸ್‌ನಲ್ಲಿ, ಸೇರಿದ್ದು ಬಾಸ್ಟನ್ನಿನ ಶ್ರೀಮಂತ ಮನೆತನಕ್ಕೆ. ಗಂಡ ಸರ್ಜನ್. ಟೈಫಾಯ್ಡ್ ಆಗಿ ಕಿವಿ ಮಂದವಾಯಿತು. ಊದುವ ವಾದ್ಯ ಕಲಿತರೆ ಒಳ್ಳೆಯದು ಎಂಬ ಸಲಹೆ ಬಂತು, ನಡು ವಯಸ್ಸಿನಲ್ಲಿ ಅವರು ಸ್ಯಾಕ್ಸೋಫೋನ್ ಹಿಡಿದರು. ಗಂಡ ತೀರಿಕೊಂಡ ಮೇಲೆ ಬಾಸ್ಟನ್ನಿಗೆ ಬಂದು ಆರ್ಕೆಸ್ಟ್ರಾ ಕ್ಲಬ್ಬಿನ ಬೆನ್ನಿಗೆ ನಿಂತರು. ಆಬೊ ಎಂಬ ಊದುವ ವಾದ್ಯ ನುಡಿಸುವ ಜಾರ್ಜ್ ಲಾಂಜಿಯವರ ನೆರವಿನಿಂದ, ಹೆಚ್ಚಾಗಿ ಫ್ರೆಂಚ್ ಕಂಪೋಸರ್‌ಗಳಿಗೆ, ಒಬ್ಬರ ಮೇಲೊಬ್ಬರಂತೆ ಕೃತಿ ಕೇಳಿ ಬರೆಸಿದರು. ಲೆಫ್ಲರ್, ವಾಂಸಾ ದಾಂದಿ, ಆಂದ್ರೆ ಕಾಪ್ಲೆ, ಫ್ಲೊರಾಂ ಶ್ಮಿಟ್ ಎಲ್ಲರೂ ಇವರಿಗಾಗಿ ಬರೆದರು. ಶ್ಮಿಟ್‌ನ 1918ರ ‘ಲೆಜಾಂದ್’ ಈಗಲೂ ಸ್ಯಾಕ್ಸ್, ಪಿಯಾನೊ ಕಛೇರಿಗಳಲ್ಲಿ ಕೇಳಿಸುತ್ತದೆ. ನನ್ನನ್ನು ಕೇಳಿದರೆ ಇಡೀ ಪಟ್ಟಿಯಲ್ಲಿ ಅದೇ ಮೇಲು.

ಆದರೆ ಜನ ನೆನಪಿಟ್ಟುಕೊಂಡದ್ದು ಫ್ರಾನ್ಸಿನ ಹೆಸರಾಂತ ಕಂಪೋಸರ್ ಡೆಬ್ಯುಸಿಯ ಪ್ರಸಂಗವನ್ನು. 1901ರ ಸುಮಾರಿಗೆ ಹಾಲ್ ಅವರಿಂದ ಕೃತಿಗೆ ಬೇಡಿಕೆ ಹೋಯಿತು. ಡೆಬ್ಯುಸಿ ಹಣ ತೆಗೆದುಕೊಂಡರು, ಬರೆಯಲಿಲ್ಲ. 1903ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ, ಈ ಕೃತಿಯ ದುಡ್ಡು ಬಂದು ತಿಂದು ವರ್ಷ ದಾಟಿದೆ ಎಂದು ತಾವೇ ತಮಾಷೆ ಮಾಡಿಕೊಂಡಿದ್ದಾರೆ. ಸ್ಯಾಕ್ಸೋಫೋನ್ ಎಂಬ ಪ್ರಾಣಿಯ ಸ್ವಭಾವವೇ ತನಗೆ ಗೊತ್ತಿಲ್ಲ ಎಂಬ ಮಾತೂ ಇದೆ. 1904ರಲ್ಲಿ ಹಾಲ್ ಪ್ಯಾರಿಸ್‌ನಲ್ಲಿ ದಾಂದಿಯವರ ಕೃತಿ ನುಡಿಸಿದರು. ಗುಲಾಬಿ ಉಡುಪು ತೊಟ್ಟ ಹೆಂಗಸು ಇಂಥ ವಾದ್ಯ ಊದುವುದು ಡೆಬ್ಯುಸಿಗೆ ನಗೆಪಾಟಲಾಗಿ ಕಂಡಿತು. ಕೊನೆಗೂ ಅವರು ಆರ್ಕೆಸ್ಟ್ರಾ ಸ್ಕೋರ್ ಪೂರ್ತಿ ಮಾಡಲೇ ಇಲ್ಲ. 1918ರಲ್ಲಿ ತೀರಿಕೊಂಡರು. ರೋಜೆ-ದ್ಯುಕಾಸ್ ಎಂಬ ಇನ್ನೊಬ್ಬ ಕಂಪೋಸರ್ ಕರಡು ಹಿಡಿದು ಮುಗಿಸಿದರು. 1919ರ ಮೇ 14ರಂದು ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಆಯಿತು. ಅಂದು ಊದಿದವರು ಬೇರೊಬ್ಬ ವಾದಕರು, ಹಾಲ್ ಅಲ್ಲ.

ಈ ಕಥೆ ಹೇಳುವವರೆಲ್ಲ ಹಾಲ್ ಅವರನ್ನು ಹುಚ್ಚು ಶೋಕಿಯ ಶ್ರೀಮಂತೆ ಎಂಬಂತೆ ಚಿತ್ರಿಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಅವರು ಕೇಳದಿದ್ದರೆ ನಮಗೆ ಡೆಬ್ಯುಸಿ ಬರೆದ ಸ್ಯಾಕ್ಸ್ ಕೃತಿ ಒಂದೂ ಇರುತ್ತಿರಲಿಲ್ಲ. ಇಂದು ಅದರ ಪಿಯಾನೊ ರೂಪವನ್ನು ಸಂಗೀತ ಶಾಲೆಗಳ ಮಕ್ಕಳೂ ನುಡಿಸುತ್ತಾರೆ. ತಪ್ಪಿದ್ದು ಬೇರೆ ಕಡೆ. ಬರೆಸಿದವರಿಗೂ ಬರೆದವರಿಗೂ ಮಧ್ಯೆ ಒಂದು ಸಮುದ್ರ ಇತ್ತು. ಡೆಬ್ಯುಸಿಗೆ ಹಾಲ್ ಅವರ ನಾದ ಹೇಗೆ, ಉಸಿರು ಎಷ್ಟು, ಬೆರಳು ಎಲ್ಲಿ ತಡವರಿಸುತ್ತದೆ ಏನೂ ಗೊತ್ತಿರಲಿಲ್ಲ. ತಿಳಿಯುವ ಮನಸ್ಸೂ ಇರಲಿಲ್ಲ. ಕೃತಿಯಲ್ಲಿ ಅದು ಕಾಣುತ್ತದೆ. ಸಂಗೀತ ಸೊಗಸಾಗಿದೆ, ಆದರೆ ಹೆಸರಿಗೆ ಮುಖ್ಯ ವಾದ್ಯವಾದ ಸ್ಯಾಕ್ಸ್‌ಗೆ ಕೆಲಸ ಕಮ್ಮಿ. ಅದಕ್ಕೇ ನಂತರದ ವಾದಕರು ಆರ್ಕೆಸ್ಟ್ರಾದ ಸಾಲುಗಳನ್ನು ಎತ್ತಿ ಸ್ಯಾಕ್ಸ್ ಪಾರ್ಟಿಗೆ, ಅಂದರೆ ಸ್ಯಾಕ್ಸ್ ನುಡಿಸುವ ಭಾಗಕ್ಕೆ, ಸೇರಿಸಿಕೊಂಡು ನುಡಿಸುತ್ತಾರೆ.

ಇದರ ಪಕ್ಕಕ್ಕೆ ಇನ್ನೊಂದು ಜೋಡಿ ಇಡುತ್ತೇನೆ. ಅಮೆರಿಕದ ಸ್ಯಾಕ್ಸ್ ವಾದಕ ಸೆಸಿಲ್ ಲೀಸನ್ ಮತ್ತು ನ್ಯೂಯಾರ್ಕಿನ ಪಾಲ್ ಕ್ರೆಸ್ಟನ್. ಕ್ರೆಸ್ಟನ್ ಕಂಪೋಸಿಂಗನ್ನು ಸ್ವಂತವಾಗಿ ಕಲಿತವರು, ಹೊಟ್ಟೆಪಾಡಿಗೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಲೀಸನ್ ಕಛೇರಿಗಳಿಗೆ ಪಿಯಾನೊ ಸಾಥಿಯೂ ಅವರೇ. ಅಂದರೆ ಲೀಸನ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಸ್ವರದಲ್ಲಿ ಅವರ ನಾದ ತುಂಬಿ ಬರುತ್ತದೆ ಎಂಬುದು ಕ್ರೆಸ್ಟನ್ ಕಿವಿಯಲ್ಲಿ ಕೂತಿತ್ತು. 1939ರಲ್ಲಿ ಅವರು ಲೀಸನ್‌ಗಾಗಿ ಸೊನಾಟಾ (ಒಂದೆರಡು ವಾದ್ಯಗಳಿಗೆ ಬರೆದ, ಹಲವು ಭಾಗಗಳ ಕೃತಿ) ಬರೆದರು, ಓಪಸ್ 19. ಮೂರು ಭಾಗ. ನಡುವಿನದ್ದು ಐದು ಎಣಿಕೆಯ ನಿಧಾನದ ಭಾಗ, ನಿಮ್ಮಂಥ ಖಂಡ ನಡೆ ಗೊತ್ತಿರುವವರಿಗೆ ಸಲೀಸು. 1940ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರೂ ಸೇರಿ ನುಡಿಸಿದರು. ಎಂಬತ್ತೈದು ವರ್ಷ ಆಯಿತು, ಈಗಲೂ ಸ್ಯಾಕ್ಸ್ ಕಲಿಯುವವರು ಅದನ್ನು ದಾಟದೆ ಮುಂದೆ ಹೋಗುವುದಿಲ್ಲ. ನಾನು ಪಿಯಾನೊ ಕಡೆಯವನು, ಒಂದು ದೂರು ಹೇಳಿಬಿಡುತ್ತೇನೆ. ಆ ಸೊನಾಟಾದ ಪಿಯಾನೊ ಪಾರ್ಟು ಸ್ಯಾಕ್ಸ್ ಪಾರ್ಟಿಗಿಂತ ಕಷ್ಟ. ಸ್ಯಾಕ್ಸ್ ವಾದಕರು ‘ಸರ್, ಸುಮ್ನೆ ಸಾಥ್ ಕೊಡಿ’ ಎನ್ನುತ್ತಾ ಎರಡು ದಿನ ಮುಂಚೆ ಸ್ಕೋರ್ ತಂದು ಕೈಗಿಡುತ್ತಾರೆ! ನಿಮ್ಮ ಅಕ್ಕನ ಮಗಳಿಗೆ ಹಾಗೆ ಮಾಡಬೇಡಿ.

ಹಾಲ್ ಅವರ ಹತ್ತಿರ ದುಡ್ಡಿತ್ತು. ಲೀಸನ್ ಹತ್ತಿರ ಇದ್ದದ್ದು ಪಕ್ಕದಲ್ಲೇ ಕೂತ ಕಂಪೋಸರ್. ಯಾವುದು ಹೆಚ್ಚು ಕೆಲಸಕ್ಕೆ ಬಂತು ಎಂದು ನೀವೇ ನೋಡಿ. ದೊಡ್ಡ ಹೆಸರಿನ ಹಿಂದೆ ಹೋಗಬೇಡಿ ಎಂದು ನಾನು ನಿಮಗೆ ಹೇಳುವುದು ಇದಕ್ಕೇ. ಒಂದೇ ಕೋಣೆಯಲ್ಲಿ ಕೂತು, ನೀವು ಊದುವುದನ್ನು ಕೇಳುತ್ತಾ ಬರೆಯುವವರನ್ನು ಹುಡುಕಿ. ಅವರು ಇಪ್ಪತ್ತೈದರ ಹುಡುಗಿಯಾದರೂ ಪರವಾಗಿಲ್ಲ. ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್, ಚೆನ್ನೈನ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಇಂಥ ಕಡೆ ವಿಚಾರಿಸಿದರೆ ಬರೆಯುವ ಯುವಕರ ಸುಳಿವು ಸಿಗಬಹುದು. ಅವರಿಗೂ ತಮ್ಮ ಕೃತಿಯನ್ನು ನಿಜವಾಗಿ ನುಡಿಸುವವರು ಬೇಕಾಗಿರುತ್ತಾರೆ.

ಎದುರಿಗೆ ಕೂತರೆ ಸಾಲದು, ಕಂಪೋಸರ್‌ಗೆ ಆಸೆ ಹುಟ್ಟಿಸುವಂಥದ್ದು ನಿಮ್ಮ ಕೈಯಲ್ಲಿ ಏನೋ ಒಂದು ಇರಬೇಕು. ಜರ್ಮನಿಯಲ್ಲಿ ಹುಟ್ಟಿದ ಸಿಗುರ್ಡ್ ರಾಷೆರ್ ಹತ್ತಿರ ಮೇಲಿನ ಸ್ವರಗಳಿದ್ದವು. ಸ್ಯಾಕ್ಸ್‌ನ ಮಾಮೂಲು ವ್ಯಾಪ್ತಿ ಎರಡೂವರೆ ಸ್ಥಾಯಿ ಅಷ್ಟೇ. ರಾಷೆರ್ ಅದನ್ನು ನಾಲ್ಕು ಸ್ಥಾಯಿಯವರೆಗೆ ಎಳೆದು, ಕಂಪೋಸರ್‌ಗಳ ಮನೆ ಬಾಗಿಲು ತಟ್ಟಿ ಊದಿ ತೋರಿಸುತ್ತಿದ್ದರು. 1935ರಲ್ಲಿ ಫ್ರೆಂಚ್ ಕಂಪೋಸರ್ ಇಬೇರ್ ರಾಷೆರ್‌ಗಾಗಿ ಬರೆದ ಕನ್ಚರ್ಟಿನೊದಲ್ಲಿ (ಸಣ್ಣ ಕನ್ಚರ್ಟೊ) ಆ ಎತ್ತರದ ಸ್ವರಗಳು ಕೇಳಿಸುತ್ತವೆ. ಅದಕ್ಕೆ ಒಂದು ವರ್ಷ ಮುಂಚೆ ರಷ್ಯದ ಕಂಪೋಸರ್ ಗ್ಲಾಜುನೊವ್ ಕನ್ಚರ್ಟೊ ಬರೆದುಕೊಟ್ಟಿದ್ದರು. ಇವನು ಕೇಳಿಕೊಂಡಿದ್ದಲ್ಲ, ದಾಳಿ ಮಾಡಿದ ಎಂಬ ಧಾಟಿಯಲ್ಲಿ ಆ ಮುದುಕ ಬರೆದಿದ್ದಾರೆ. ನಾಚಿಕೆ ಸ್ವಭಾವದವರು ಇದನ್ನು ಗಮನಿಸಬೇಕು.

ಮೇಲೆ ಹೇಳಿದ ಲಾಂಡೆ ಮತ್ತು ಸೋವಿಯತ್ ಕಂಪೋಸರ್ ಎಡಿಸನ್ ಡೆನಿಸೊವ್ ಜೋಡಿಯದ್ದು ಇನ್ನೂ ಒಳ್ಳೆಯ ಉದಾಹರಣೆ. ಡೆನಿಸೊವ್ 1970ರಲ್ಲಿ ಲಾಂಡೆಗಾಗಿ ಆಲ್ಟೊ ಸ್ಯಾಕ್ಸ್, ಪಿಯಾನೊ ಸೊನಾಟಾ ಬರೆದರು. ಅದೇ ಡಿಸೆಂಬರಿನಲ್ಲಿ ಶಿಕಾಗೊದ ವಿಶ್ವ ಸ್ಯಾಕ್ಸೋಫೋನ್ ಸಮ್ಮೇಳನದಲ್ಲಿ ಲಾಂಡೆ ಅದನ್ನು ನುಡಿಸಿದರು. ನಿಧಾನದ ಭಾಗದಲ್ಲಿ ಪಿಯಾನೊದ ಎರಡು ಅಕ್ಕಪಕ್ಕದ ಮನೆಗಳ ನಡುವೆ ಬೀಳುವ ಕಾಲು ಸ್ವರಗಳಿವೆ, ವಿಶೇಷ ಬೆರಳು ಹಿಡಿತದಿಂದ ಎರಡು ಮೂರು ನಾದ ಒಟ್ಟಿಗೆ ಹೊರಡಿಸುವ ಮಲ್ಟಿಫೋನಿಕ್ಸ್ ಇವೆ. ಕೊನೆಯ ಭಾಗದಲ್ಲಿ ಪಿಯಾನೊದ ಎಡಗೈ ಜಾಜ್‌ನ ಬಾಸ್‌ನಂತೆ ನಡೆಯುತ್ತದೆ. ಇವತ್ತು ಕೇಳಿದರೂ ಕಿವಿ ನೆಟ್ಟಗಾಗುತ್ತದೆ. ಇದರಲ್ಲಿ ನಿಮಗೆ ಬೇಕಾದ ಒಂದು ಸುಳಿವಿದೆ. ಕಾಲು ಸ್ವರ ಪಿಯಾನೊದಲ್ಲಿ ಬರುವುದೇ ಇಲ್ಲ. ಆದ್ದರಿಂದ ಡೆನಿಸೊವ್ ಎರಡೂ ವಾದ್ಯಗಳಿಗೆ ಒಂದೇ ಕೆಲಸ ಕೊಡಲಿಲ್ಲ. ಸ್ಯಾಕ್ಸ್ ಬಾಗುವ ಜಾಗ ಬೇರೆ, ಪಿಯಾನೊ ಕುಟ್ಟುವ ಜಾಗ ಬೇರೆ.

ಈಗ ರಾಗದ ಪ್ರಶ್ನೆ.

ರಾಗ ಮತ್ತು ಪಿಯಾನೊ ಎಂದ ಕೂಡಲೇ ಹೆಚ್ಚಿನವರು ಮೋಹನ ಅಥವಾ ಹಂಸಧ್ವನಿ ಹಿಡಿದು ಪ್ರತಿ ಸ್ವರದ ಕೆಳಗೂ ಕಾರ್ಡ್ (ಒಟ್ಟಿಗೆ ನುಡಿಸುವ ಹಲವು ಸ್ವರ) ಇಡುತ್ತಾರೆ. ಕೇಳಲು ಹಿತವಾಗಿರುತ್ತದೆ. ಐದು ನಿಮಿಷಕ್ಕೆ ಸಾಕಾಗುತ್ತದೆ. ಕಾರ್ಡ್ ಬಂದ ಕೂಡಲೇ ಸ್ವರ ನೆಟ್ಟಗೆ ನಿಲ್ಲಬೇಕಾಗುತ್ತದೆ, ಗಮಕಕ್ಕೆ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವುದಕ್ಕೆ, ಉಸಿರಾಡಲು ಜಾಗ ಇರುವುದಿಲ್ಲ. ಉಳಿಯುವುದು ಆರೋಹಣ ಅವರೋಹಣ ಮಾತ್ರ. ತೋಡಿಯಂಥ ರಾಗವಾದರೆ ಅಷ್ಟೂ ಉಳಿಯುವುದಿಲ್ಲ. ಅದರ ಗಾಂಧಾರ ಇರುವುದೇ ಅಲುಗಾಟದಲ್ಲಿ, ಪಿಯಾನೊದ ಯಾವ ಒಂದು ಮನೆಯಲ್ಲೂ ಅದು ಕೂರುವುದಿಲ್ಲ.

ಹಾಗಂತ ಕೈಬಿಡಬೇಕಿಲ್ಲ. ಪಿಯಾನೊಗೆ ಪಿಟೀಲಿನ ಕೆಲಸ ಕೊಡದೆ ಮೃದಂಗದ ಕೆಲಸ ಕೊಟ್ಟು ನೋಡಿ. ಅದು ಬಡಿಯುವ ವಾದ್ಯ, ಲೆಕ್ಕಾಚಾರ ಅದಕ್ಕೆ ಬಲು ಇಷ್ಟ. ಮೂರರ ತಿಶ್ರ, ಐದರ ಖಂಡ ನಡೆಗಳು, ಮುಕ್ತಾಯ, ಕೋರ್ವೆ ಎಂಬ ಲಯದ ಲೆಕ್ಕಾಚಾರಗಳು ಪಿಯಾನೊದ ಹತ್ತು ಬೆರಳುಗಳಲ್ಲಿ ಚೆನ್ನಾಗಿ ಮೂಡುತ್ತವೆ. ಅಮೆರಿಕದಲ್ಲಿರುವ ಭಾರತೀಯ ಮೂಲದ ರುದ್ರೇಶ್ ಮಹಾಂತಪ್ಪ ಮತ್ತು ವಿಜಯ್ ಅಯ್ಯರ್ 2006ರಲ್ಲಿ ಆಲ್ಟೊ ಸ್ಯಾಕ್ಸ್, ಪಿಯಾನೊ ಎರಡೇ ವಾದ್ಯಗಳ ‘ರಾ ಮೆಟೀರಿಯಲ್ಸ್’ ಎಂಬ ಆಲ್ಬಂ ತಂದರು. ಜಾಜ್ ಸಂಗೀತವೇ, ಆದರೆ ಆ ಜೋಡಿ ಲಯವನ್ನು ಹೇಗೆ ಹಂಚಿಕೊಳ್ಳುತ್ತದೆ ಎಂದು ಕೇಳಿ. ಇದೇ ಸ್ಯಾಕ್ಸ್ ವಾದಕ ಮಹಾಂತಪ್ಪ ನಂತರ ನಮ್ಮ ಕದ್ರಿ ಗೋಪಾಲನಾಥರ ಜೊತೆ ಸೇರಿ 2008ರಲ್ಲಿ ‘ಕಿನ್ಸ್‌ಮೆನ್’ ತಂದರು. ಅದರಲ್ಲಿ ಪಿಯಾನೊ ಇಲ್ಲ ಎಂಬುದನ್ನೂ ಗಮನಿಸಿ. ಎರಡು ಸ್ಯಾಕ್ಸ್‌ಗಳು ಎದುರು ಬದುರು ಬಾಗುವಾಗ ಪಿಯಾನೊ ಅಡ್ಡ ಬರುತ್ತಿತ್ತು ಎಂದು ನನ್ನ ಅನಿಸಿಕೆ.

ಗೋಪಾಲನಾಥರ ಹೆಸರು ಬಂತು, ಒಂದು ಮಾತು ಹೇಳಲೇಬೇಕು. ಬಂಟ್ವಾಳ ಕಡೆಯ ನಾಗಸ್ವರ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸ್ ಕೇಳಿ ಮರುಳಾಗಿ, ಅದಕ್ಕೆ ಗಮಕ ಕಲಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಅವರ ನಂತರ ಕರಾವಳಿಯ ದೇವಸ್ಥಾನ, ಮದುವೆ ಚಪ್ಪರಗಳಲ್ಲಿ ಸ್ಯಾಕ್ಸ್ ಎಷ್ಟು ಸಾಮಾನ್ಯವಾಯಿತು ಎಂದು ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮ ಆಸ್ತಿ ಇದೇ. ರಾಷೆರ್‌ಗೆ ಎತ್ತರದ ಸ್ವರ ಇದ್ದ ಹಾಗೆ ನಿಮಗೆ ಜಾರು, ಕಂಪಿತ ಎಂಬ ಗಮಕಗಳಿವೆ. ಪ್ಯಾರಿಸ್‌ನಲ್ಲೋ ಶಿಕಾಗೊದಲ್ಲೋ ಹತ್ತು ವರ್ಷ ಕಲಿತವರಿಗೂ ಅದು ಸುಲಭಕ್ಕೆ ಬರುವುದಿಲ್ಲ. ನೀವು ಅಳುಕುತ್ತಾ ಕಂಪೋಸರ್ ಮುಂದೆ ಹೋಗಬೇಕಾದ್ದಿಲ್ಲ.

ಆದರೆ ಗಮಕವನ್ನು ಹಾಳೆಯಲ್ಲಿ ಪೂರ್ತಿ ಬರೆಯಲು ಆಗುವುದಿಲ್ಲ. ಅಲೆಯಂತೆ ಗೀಟು ಹಾಕಬಹುದು, ಸಣ್ಣ ಸ್ವರಗಳನ್ನು ಜೋಡಿಸಬಹುದು. ಅಷ್ಟರಿಂದ ಭೈರವಿಯ ನಿಷಾದ ಹುಟ್ಟುವುದಿಲ್ಲ. ಹಾಗಾಗಿ ಎರಡು ದಾರಿ. ಒಂದು, ಕೆಲವು ಭಾಗಗಳಲ್ಲಿ ಸ್ವರಗಳನ್ನು ಮಾತ್ರ ಬರೆದು ಗಮಕವನ್ನು ನಿಮಗೇ ಬಿಡುವುದು. ಇನ್ನೊಂದು, ನಾಲ್ಕಾರು ಆವರ್ತಗಳಷ್ಟು ಜಾಗವನ್ನು ಆಲಾಪನೆಗೆ ಖಾಲಿ ಬಿಟ್ಟು, ಎಲ್ಲಿ ಬಂದು ಪಿಯಾನೊ ಜೊತೆ ಕೂಡಬೇಕು ಎಂಬುದನ್ನು ಗುರುತು ಮಾಡುವುದು. ನನ್ನ ಆಯ್ಕೆ ಎರಡನೆಯದು. ಆದರೆ ಒಂದು ತೊಡಕಿದೆ. ಹಾಗೆ ಬರೆದ ಕೃತಿಯನ್ನು ನಿಮ್ಮ ನಂತರ ಗಮಕ ಬಾರದ ಸ್ಯಾಕ್ಸ್ ವಾದಕರು ನುಡಿಸುವುದು ಕಷ್ಟ. ಕೃತಿ ದೂರ ಹೋಗಬೇಕೋ, ನಿಮ್ಮ ಕೈಯಲ್ಲಿ ಚೆಂದ ಇರಬೇಕೋ ಎಂದು ಕಂಪೋಸರ್ ಜೊತೆ ಮೊದಲೇ ಮಾತಾಡಿಕೊಳ್ಳಿ.

ಮೊದಲ ಭೇಟಿಗೆ ಹೋಗುವಾಗ ವಾದ್ಯ ತೆಗೆದುಕೊಂಡೇ ಹೋಗಿ. ಕೆಳಗಿನ ಬಿ ಫ್ಲ್ಯಾಟಿನಿಂದ ಮೇಲಿನ ತನಕ ಊದಿ ತೋರಿಸಿ. ಕೆಳಗಿನ ಮೂರು ನಾಲ್ಕು ಸ್ವರಗಳನ್ನು ಮೆಲ್ಲಗೆ ಹೊರಡಿಸುವುದು ಎಷ್ಟು ಕಷ್ಟ ಎಂದು ಅವರ ಕಿವಿಗೇ ಕೇಳಲಿ. ತುಟಿ ಸಡಿಲಿಸಿ ಸ್ವರವನ್ನು ಕೆಳಕ್ಕೆ ಜಾರಿಸುವುದು ಸುಲಭ, ಬರೀ ತುಟಿಯಿಂದ ಮೇಲಕ್ಕೆ ಒಯ್ಯುವುದು ಸುಲಭವಲ್ಲ. ಇದು ಪುಸ್ತಕ ಓದಿದ ಕಂಪೋಸರ್‌ಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಒಂದೇ ಉಸಿರಿಗೆ ನೀವು ಎಷ್ಟು ಹೊತ್ತು ಹಿಡಿಯಬಲ್ಲಿರಿ ಎಂದೂ ತೋರಿಸಿ. ನಿಮಗೆ ಬಾರದ್ದನ್ನು ಬರುತ್ತದೆ ಎನ್ನಬೇಡಿ, ಅವರು ನಂಬಿ ಅದನ್ನೇ ಬರೆದುಬಿಡುತ್ತಾರೆ.

ಶ್ರುತಿಯ ಲೆಕ್ಕವನ್ನೂ ಅಂದೇ ಸರಿ ಮಾಡಿಕೊಳ್ಳಿ. ಆಲ್ಟೊದಲ್ಲಿ ಸಿ ಹಿಡಿದರೆ ಪಿಯಾನೊದಲ್ಲಿ ಕೇಳುವುದು ಇ ಫ್ಲ್ಯಾಟ್. ನೀವು ಸಿ ಬೆರಳನ್ನೇ ಷಡ್ಜ ಮಾಡಿಕೊಂಡರೆ ಶ್ರುತಿ ಎರಡೂವರೆ ಆಯಿತು. ಪಿಯಾನೊ ಪಾರ್ಟಿನಲ್ಲಿ ಸ್ಯಾಕ್ಸ್ ಸಾಲನ್ನು ಕೇಳುವ ಸ್ವರದಲ್ಲಿ ಬರೆಯುತ್ತಾರೋ, ನೀವು ಓದುವ ಸ್ವರದಲ್ಲಿ ಬರೆಯುತ್ತಾರೋ ಕೇಳಿ. ಇಲ್ಲದಿದ್ದರೆ ರಿಹರ್ಸಲ್‌ನಲ್ಲಿ ‘ಸಿ ಇಂದ ಎತ್ತಿಕೊಳ್ಳೋಣ’ ಎಂದರೆ ಇಬ್ಬರೂ ಬೇರೆ ಬೇರೆ ಜಾಗದಿಂದ ಹೊರಡುತ್ತೀರಿ. ಬಾರ್ ನಂಬರ್ ಹೇಳುವ ಅಭ್ಯಾಸ ಮಾಡಿಕೊಳ್ಳಿ.

ಕರಾರು ದೊಡ್ಡದಾಗಿರಬೇಕಿಲ್ಲ, ಒಂದೆರಡು ಪುಟ ಸಾಕು. ಆದರೆ ಬಾಯಿ ಮಾತಿಗೆ ಬಿಡಬೇಡಿ. ಯಾವ ವಾದ್ಯಗಳಿಗೆ, ಸುಮಾರು ಎಷ್ಟು ನಿಮಿಷ, ಯಾವಾಗ ಕೈಗೆ ಬರಬೇಕು ಎಂದು ಬರೆಯಿರಿ. ಹಣವನ್ನು ಸಾಮಾನ್ಯವಾಗಿ ಅರ್ಧ ಮೊದಲು, ಅರ್ಧ ಸ್ಕೋರ್ ಬಂದ ಮೇಲೆ ಕೊಡುತ್ತಾರೆ. ಹಾಲ್ ಅವರಿಗೆ ಹಾಗೆ ಹೇಳುವವರು ಇದ್ದಿದ್ದರೆ ಚೆನ್ನಾಗಿತ್ತು. ಎಷ್ಟು ತಿಂಗಳು ನೀವೊಬ್ಬರೇ ನುಡಿಸಬಹುದು, ರೆಕಾರ್ಡಿಂಗ್ ಯಾರದ್ದು, ಬರೆಯದೇ ಹೋದರೆ ಮುಂಗಡ ವಾಪಸ್ಸೋ ಎಂಬುದೂ ಇರಲಿ. ಮೊದಲ ಪ್ರದರ್ಶನ ಆದ ಮೇಲೆ ತಿದ್ದುವ ಅವಕಾಶವನ್ನೂ ಸೇರಿಸಿ. ನುಡಿಸಿ ಕೇಳಿದ ಮೇಲೇ ಗೊತ್ತಾಗುವ ಕುಂದುಗಳು ಬಹಳ ಇರುತ್ತವೆ. ಸ್ಕೋರ್ ಕೈಗೆ ಬರುವ ದಿನಕ್ಕೂ ಕಛೇರಿಗೂ ಮಧ್ಯೆ ಮೂರು ತಿಂಗಳಾದರೂ ಇಟ್ಟುಕೊಳ್ಳಿ.

ಒಬ್ಬರೇ ಹಣ ಹೊಂದಿಸಲು ಆಗದಿದ್ದರೆ ನಾಲ್ಕು ಜನ ಸೇರಿ. ಸ್ಯಾಕ್ಸ್ ಲೋಕದಲ್ಲಿ ಇದು ಈಗ ಮಾಮೂಲು. ಜಾನ್ ಹಾರ್ಬಿಸನ್‌ರ ‘ಸ್ಯಾನ್ ಆಂಟೋನಿಯೊ’ ಎಂಬ ಆಲ್ಟೊ ಸ್ಯಾಕ್ಸ್, ಪಿಯಾನೊ ಕೃತಿಯನ್ನು ಹೀಗೆ ಒಂದು ದೊಡ್ಡ ಗುಂಪು ಪಾಲು ಹಾಕಿ ಬರೆಸಿತು. ಬಾಸ್ಟನ್ನಿನ ವಾದಕ ಕೆನ್ ರಾಡ್‌ನೋಫ್ಸ್‌ಕಿಯವರ ಯೋಜನೆ ಅದು. 1994ರ ಡಿಸೆಂಬರಿನಲ್ಲಿ ಬೇರೆ ಬೇರೆ ಊರುಗಳ ವಾದಕರು ಒಂದೇ ದಿನ ಅದರ ಮೊದಲ ಪ್ರದರ್ಶನ ಮಾಡಿದರು. ಹಣ ಹಂಚಿಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಕೃತಿ ಹುಟ್ಟಿದ ದಿನವೇ ಹಲವು ಜನರ ಬೆರಳಿಗೆ ಬಂದಿರುತ್ತದೆ. ಹೊಸ ಕೃತಿಗಳು ಸಾಯುವುದು ಮೊದಲ ಪ್ರದರ್ಶನ ಕೆಟ್ಟು ಅಲ್ಲ, ಎರಡನೆಯದು ಆಗದೆ. ಉಡುಪಿ, ಮಂಗಳೂರು, ಪುತ್ತೂರಿನಲ್ಲಿ ನೊಟೇಷನ್ ಓದುವ ಸ್ಯಾಕ್ಸ್ ವಾದಕರು ಇಬ್ಬರು ಸಿಕ್ಕರೂ ಸೇರಿಸಿಕೊಳ್ಳಿ.

ಕೊನೆಯದಾಗಿ ಪಿಯಾನೊ ವಿಷಯ, ಇದನ್ನು ಎಲ್ಲರೂ ಮರೆಯುತ್ತಾರೆ. ಊರಿನಲ್ಲಿ ನುಡಿಸುವ ಆಸೆ ಇದ್ದರೆ ಅಲ್ಲಿ ಎಂಥ ಪಿಯಾನೊ ಸಿಗುತ್ತದೆ ಎಂದು ಈಗಲೇ ನೋಡಿ. ಮಳೆಗಾಲದಲ್ಲಿ ಮರದ ಪಿಯಾನೊದ ಹಲಗೆ ತೇವ ಕುಡಿದು ಉಬ್ಬುತ್ತದೆ, ಶ್ರುತಿ ಮೇಲೇರುತ್ತದೆ. ಅದೂ ಎಲ್ಲ ಸ್ವರ ಒಂದೇ ಅಳತೆಯಲ್ಲಿ ಏರುವುದಿಲ್ಲ. ಮೌತ್‌ಪೀಸನ್ನು ಕಾರ್ಕಿನ ಮೇಲೆ ಹಿಂದೆ ಮುಂದೆ ಸರಿಸಿ ನೀವು ಸ್ವಲ್ಪ ಸರಿದೂಗಿಸಬಹುದು, ಅಷ್ಟೇ. ಡಿಜಿಟಲ್ ಪಿಯಾನೊ ಆದರೆ ಶ್ರುತಿಯ ಚಿಂತೆ ಇಲ್ಲ, ಬಟನ್ ಒತ್ತಿದರೆ ಸರಿಹೋಗುತ್ತದೆ.

ಆದರೆ ಹೊಸ ಕೃತಿಗಳಲ್ಲಿ ಒಂದು ಚಂದದ ಉಪಾಯ ಬಳಸುತ್ತಾರೆ. ಪಿಯಾನೊದ ಪೆಡಲ್ ಒತ್ತಿ ಹಿಡಿದು, ಸ್ಯಾಕ್ಸನ್ನು ಅದರ ತೆರೆದ ಒಡಲಿನೊಳಕ್ಕೆ ಊದಿದರೆ ತಂತಿಗಳು ತಾವಾಗಿಯೇ ಮಿಡಿದು ತಂಬೂರಿಯಂಥ ಗುಂಗು ಎಬ್ಬಿಸುತ್ತವೆ. ರಾಗದ ಕೃತಿ ಎಂದರೆ ಯಾವ ಕಂಪೋಸರ್‌ಗೂ ಈ ಯೋಚನೆ ಬಂದೇ ಬರುತ್ತದೆ. ಡಿಜಿಟಲ್ ಪಿಯಾನೊದಲ್ಲಿ ತಂತಿಗಳೇ ಇಲ್ಲ, ಅಲ್ಲಿ ಇದು ನಡೆಯುವುದಿಲ್ಲ. ಹಾಗಾಗಿ ಅವರು ಬರೆಯಲು ಕೂರುವ ಮೊದಲೇ, ಅಕ್ಕನ ಮಗಳ ಮನೆಯಲ್ಲಿರುವುದು ಯಾವುದು, ಕಛೇರಿ ನಡೆಯುವ ಜಾಗದಲ್ಲಿರುವುದು ಯಾವುದು ಎಂದು ಹೇಳಿಬಿಡಿ.